ಮಾಜಿ ಸೈನಿಕರ ಇಳಿವಯಸ್ಸು: ಯುದ್ಧವೋ, ಮುಪ್ಪೋ, ಮಾತ್ರೆಯೋ?

ಎಪ್ಪತ್ತು ದಾಟಿದ ಮಾಜಿ ಸೈನಿಕರು ರಾತ್ರಿ ಕಿರುಚಿಕೊಂಡು ಏಳುತ್ತಾರೆ. ಹಗಲು ಮಾತು ಕಮ್ಮಿ, ಸಣ್ಣದಕ್ಕೂ ಸಿಡುಕು. ಇತ್ತೀಚೆಗೆ ಹೆಸರುಗಳೂ ಬಾಯಿಗೆ ಬರುತ್ತಿಲ್ಲ. ಮನೆಯವರು "ಯುದ್ಧ ಕಂಡವರು, ಇದ್ದದ್ದೇ" ಎಂದು ಸುಮ್ಮನಾಗುತ್ತಾರೆ. ವೈದ್ಯರು "ವಯಸ್ಸಾಯ್ತಲ್ಲ" ಎಂದು ನಿದ್ದೆ ಮಾತ್ರೆ ಬರೆದುಕೊಡುತ್ತಾರೆ. ಎರಡು ಉತ್ತರದಲ್ಲೂ ಒಂದಿಷ್ಟು ನಿಜ ಇದೆ, ಆದರೆ ಅಲ್ಲಿಗೆ ಹುಡುಕಾಟ ನಿಂತುಹೋಗುತ್ತದೆ. ಆ ಸಿಡುಕಿನ ಹಿಂದೆ ರಕ್ತದಲ್ಲಿ ಸೋಡಿಯಂ ಇಳಿದಿರಬಹುದು. ಆ ಕಿರುಚಾಟ ಪಾರ್ಕಿನ್ಸನ್ ಕಾಯಿಲೆಯ ಮುನ್ಸೂಚನೆ ಇರಬಹುದು. ಆ ಮರೆವು ಅರ್ಧಕ್ಕರ್ಧ ಕಿವಿ ಕೇಳಿಸದ್ದರಿಂದ ಬಂದಿರಬಹುದು. ಮೂರೂ ಒಬ್ಬರಲ್ಲೇ ಒಟ್ಟಿಗೆ ಇರುವುದೂ ಉಂಟು.

ಇವನ್ನು ಬೇರೆ ಬೇರೆ ಮಾಡಲು ಸ್ಕ್ಯಾನಿಗಿಂತ ಮೊದಲು ಬೇಕಾಗುವುದು ಗಡಿಯಾರ ಮತ್ತು ಕ್ಯಾಲೆಂಡರ್. ಏನಾಗುತ್ತಿದೆ ಎನ್ನುವುದಕ್ಕಿಂತ ಯಾವಾಗಿಂದ ಆಗುತ್ತಿದೆ, ದಿನದ ಯಾವ ಹೊತ್ತಿನಲ್ಲಿ, ರಾತ್ರಿಯ ಯಾವ ಜಾವದಲ್ಲಿ ಆಗುತ್ತಿದೆ ಎನ್ನುವುದೇ ಹೆಚ್ಚು ಹೇಳುತ್ತದೆ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ತಾರೀಖು, ಗಂಟೆ, ಏನು ಮಾಡಿದರು, ಅದಕ್ಕೆ ಮೊದಲು ಯಾವ ಮಾತ್ರೆ ನುಂಗಿದ್ದರು, ಎಷ್ಟು ಕುಡಿದಿದ್ದರು, ಮಲವಿಸರ್ಜನೆ ಆಗಿ ಎಷ್ಟು ದಿನವಾಯಿತು. ಕೊನೆಯದನ್ನು ಓದಿ ನಗಬೇಡಿ, ಕಾರಣ ಮುಂದಿದೆ.

ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ತಲೆ ಕೆಟ್ಟಂತಾದರೆ, ಬೆಳಿಗ್ಗೆ ಸರಿಯಿದ್ದು ಸಂಜೆ ಗುರುತೇ ಸಿಗದಂತಾದರೆ ಅದು ಮರೆಗುಳಿತನ ಅಲ್ಲ, ಹಳೆಯ ಯುದ್ಧದ ನೆನಪೂ ಅಲ್ಲ. ಅದು ಸನ್ನಿ. ಸನ್ನಿ ಹಿಡಿದವರು ಗಮನ ನಿಲ್ಲಿಸಲಾರರು. ವಾರದ ದಿನಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಿ ಎಂದರೆ ಎರಡನೆಯದಕ್ಕೇ ತಪ್ಪಿಹೋಗುತ್ತಾರೆ. ಕಾರಣ ಸಾಮಾನ್ಯವಾಗಿ ಮೆದುಳಿನ ಹೊರಗೆ ಇರುತ್ತದೆ: ಮೂತ್ರದ ಸೋಂಕು, ನ್ಯುಮೋನಿಯಾ, ಮೂತ್ರ ಕಟ್ಟಿಕೊಂಡಿರುವುದು, ಗಟ್ಟಿ ಮಲಬದ್ಧತೆ, ನೀರು ಸಾಲದಿರುವುದು, ಹೊಸದಾಗಿ ಶುರುಮಾಡಿದ ಮಾತ್ರೆ. ಇಂಥವರು ಶತ್ರು ಬಂದ ಎಂದು ಕೂಗಿದರೆ ಆಸ್ಪತ್ರೆಯವರು ನೇರ ಮಾನಸಿಕ ವಿಭಾಗಕ್ಕೆ ಕಳಿಸುವುದುಂಟು. ಮೊದಲು ಜ್ವರ, ಆಮ್ಲಜನಕ, ಸಕ್ಕರೆ, ಮೂತ್ರಕೋಶ ನೋಡಿ ಎಂದು ಕೇಳಿ. ಸನ್ನಿ ತುರ್ತು ಸ್ಥಿತಿ, ನಾಳೆಯ ಅಪಾಯಿಂಟ್‌ಮೆಂಟಿಗೆ ಕಾಯುವಂಥದ್ದಲ್ಲ.

ಇದರಲ್ಲೇ ಒಂದು ಉಪಕಥೆ ಮದ್ಯದ್ದು. ಮೊಣಕಾಲಿನ ಆಪರೇಷನ್ನಿಗೋ ಹರ್ನಿಯಾಗೋ ಸೇರಿದವರು ಮೊದಲ ದಿನ ಚೆನ್ನಾಗಿಯೇ ಇರುತ್ತಾರೆ. ಎರಡು, ಮೂರನೇ ದಿನ ಕೈ ನಡುಕ, ಬೆವರು, ಗೋಡೆಯ ಮೇಲೆ ಹುಳ ಹರಿದಂತೆ ಕಾಣುವುದು. ಕೊನೆಯ ಪೆಗ್ ಕುಡಿದು 48ರಿಂದ 96 ಗಂಟೆಯೊಳಗೆ ಬರುವ ಈ ಸನ್ನಿ ಜೀವಕ್ಕೇ ಅಪಾಯ. ಸೇರಿಸುವಾಗ "ದಿನಕ್ಕೆ ಎರಡೇ ಪೆಗ್" ಎಂದಿದ್ದರೆ ಆ ಪೆಗ್ಗನ್ನು ಅಳೆದವರು ಯಾರು ಎಂದೂ ಕೇಳಬೇಕು. ಬಾಟಲಿ ಎಷ್ಟು ದಿನಕ್ಕೊಮ್ಮೆ ಖಾಲಿಯಾಗುತ್ತದೆ ಎಂಬ ಲೆಕ್ಕ ಹೆಚ್ಚು ನಂಬಿಕೆಗೆ ಅರ್ಹ. ಕುಡಿತ ಹೆಚ್ಚಿದ್ದವರಿಗೆ ಗ್ಲೂಕೋಸ್ ಡ್ರಿಪ್ ಏರಿಸುವ ಮೊದಲು ಅಥವಾ ಜೊತೆಯಲ್ಲೇ ಥಯಮಿನ್ (ಬಿ1 ವಿಟಮಿನ್) ಇಂಜೆಕ್ಷನ್ ಹೋಗಬೇಕು. ಇಲ್ಲದಿದ್ದರೆ ಮೊದಲೇ ಬರಿದಾಗಿದ್ದ ಬಿ1 ಪೂರಾ ಖಾಲಿಯಾಗಿ, ನೆನಪಿನ ಶಕ್ತಿಗೆ ಶಾಶ್ವತ ಹಾನಿ ಆಗಬಹುದು.

ವಾರಗಳ ಲೆಕ್ಕದಲ್ಲಿ ಬದಲಾಗಿದ್ದರೆ ಮೂರು ಅನುಮಾನ: ಖಿನ್ನತೆ, ಹೊಸ ಔಷಧಿ, ಮತ್ತು ತಲೆಬುರುಡೆಯೊಳಗೆ ನಿಧಾನವಾಗಿ ಒಸರಿದ ರಕ್ತ. ವಯಸ್ಸಾದವರ ಮೆದುಳು ಸ್ವಲ್ಪ ಕುಗ್ಗಿರುವುದರಿಂದ ಅದರ ಹೊರಪದರದ ರಕ್ತನಾಳಗಳು ಎಳೆದು ಕಟ್ಟಿದಂತಿರುತ್ತವೆ. ಬಾಗಿಲಿಗೆ ತಲೆ ತಗುಲಿದಷ್ಟು ಸಣ್ಣ ಪೆಟ್ಟಿಗೂ ಅವು ಹರಿಯಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ಸುಲಭ. ಪೆಟ್ಟು ಬಿದ್ದದ್ದು ಮರೆತುಹೋಗಿ ಮೂರ್ನಾಲ್ಕು ವಾರ ಕಳೆದ ಮೇಲೆ ಮಂಪರು, ನಡಿಗೆಯಲ್ಲಿ ಓಲಾಟ, ಒಂದು ಕಡೆ ಕೈಕಾಲು ಸೋತಂತಾಗುವುದು ಶುರುವಾಗುತ್ತದೆ. ಒಂದು ಸಿಟಿ ಸ್ಕ್ಯಾನಿನಲ್ಲಿ ಗೊತ್ತಾಗುತ್ತದೆ, ಹಲವರಲ್ಲಿ ಸಣ್ಣ ಶಸ್ತ್ರಚಿಕಿತ್ಸೆಯಿಂದ ಸರಿಯೂ ಹೋಗುತ್ತದೆ.

ತಿಂಗಳು, ವರ್ಷಗಳ ಲೆಕ್ಕವಾದರೆ ಡಿಮೆನ್ಷಿಯಾ (ಮರೆಗುಳಿತನ), ಪಾರ್ಕಿನ್ಸನ್ ಕಡೆ ನೋಡಬೇಕು. ದಶಕಗಳಿಂದ ಇರುವುದಾದರೆ ಪಿಟಿಎಸ್‌ಡಿ, ಅಂದರೆ ಯುದ್ಧದಂಥ ಆಘಾತ ಮನಸ್ಸಿನಲ್ಲಿ ಉಳಿಸುವ ಕಾಯಿಲೆ.

ರಾತ್ರಿಯ ಜಾವ ಗಮನಿಸಿ

ಮನೆಮಂದಿಗೆ ಹೆಚ್ಚು ಕಾಣುವುದು, ವೈದ್ಯರಿಗೆ ಕಮ್ಮಿ ಕಾಣುವುದು ರಾತ್ರಿ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಪಿಟಿಎಸ್‌ಡಿಯ ದುಃಸ್ವಪ್ನದಲ್ಲಿ ಹೆಚ್ಚಾಗಿ ಒಂದೇ ಘಟನೆ, ಅಥವಾ ಅದರ ಛಾಯೆ, ಮರಳಿ ಮರಳಿ ಬರುತ್ತದೆ. ಎದೆ ಹೊಡೆದುಕೊಳ್ಳುತ್ತ, ಬೆವತು ಏಳುತ್ತಾರೆ. ಮತ್ತೆ ಮಲಗಲು ಭಯ. ರಾತ್ರಿಯ ಮೊದಲ ಭಾಗದಲ್ಲೂ ಬರಬಹುದು.

ರೆಮ್ ನಿದ್ರಾ ವರ್ತನೆಯ ತೊಂದರೆ, ವೈದ್ಯರ ಬಾಯಲ್ಲಿ ಆರ್‌ಬಿಡಿ, ಬೇರೆಯೇ ಕಥೆ. ಕನಸು ಬೀಳುವ ನಿದ್ದೆಯಲ್ಲಿ ಎಲ್ಲರಿಗೂ ಮೈಕೈ ಸ್ನಾಯುಗಳು ಸಡಿಲಗೊಂಡು ಬೀಗ ಹಾಕಿದಂತಿರುತ್ತವೆ. ಮೆದುಳುಕಾಂಡದಲ್ಲಿ ಆ ಬೀಗ ಕೆಟ್ಟಾಗ ಕನಸಿನಲ್ಲಿ ಗುದ್ದಿದ್ದು ಹಾಸಿಗೆಯಲ್ಲೂ ಗುದ್ದಾಗುತ್ತದೆ. ಕಣ್ಣು ಮುಚ್ಚಿಯೇ ಒದೆಯುತ್ತಾರೆ, ಬೈಯುತ್ತಾರೆ, ಮಂಚದಿಂದ ಹಾರಿ ಬೀಳುತ್ತಾರೆ, ಪಕ್ಕದಲ್ಲಿ ಮಲಗಿದವರಿಗೆ ಪೆಟ್ಟಾಗುತ್ತದೆ. ಎದ್ದು ಮನೆಯೆಲ್ಲ ಓಡಾಡುವುದು ಅಪರೂಪ. ಎಬ್ಬಿಸಿದರೆ ತಟ್ಟನೆ ಎಚ್ಚರಾಗಿ ಕನಸನ್ನು ಹೇಳುತ್ತಾರೆ: ಯಾರೋ ಅಟ್ಟಿಸಿಕೊಂಡು ಬಂದರು, ನಾಯಿ ಮೇಲೆ ಬಿತ್ತು. ಹೊತ್ತು ಹೆಚ್ಚಾಗಿ ಬೆಳಗಿನ ಜಾವ, ಏಕೆಂದರೆ ಕನಸಿನ ನಿದ್ದೆ ರಾತ್ರಿಯ ಕೊನೆಯ ಮೂರನೇ ಭಾಗದಲ್ಲಿ ಜಾಸ್ತಿ.

ಈ ವ್ಯತ್ಯಾಸ ಯಾಕೆ ಮುಖ್ಯ? ಬೇರೆ ನರರೋಗವಿಲ್ಲದೆ ಆರ್‌ಬಿಡಿ ಮಾತ್ರ ಇದ್ದವರನ್ನು ಹಿಂಬಾಲಿಸಿದ, 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ 12 ವರ್ಷಗಳಲ್ಲಿ ಶೇ. 73.5ರಷ್ಟು ಜನರಲ್ಲಿ ಪಾರ್ಕಿನ್ಸನ್, ಲೂಯಿ ಬಾಡಿ ಡಿಮೆನ್ಷಿಯಾ (ಮೆದುಳಿನ ಜೀವಕೋಶಗಳಲ್ಲಿ ಪ್ರೋಟೀನ್ ಉಂಡೆಗಟ್ಟಿ ಬರುವ ಮರೆಗುಳಿತನ) ಮುಂತಾದವು ಕಾಣಿಸಿಕೊಂಡವು. ಇದರ ಜೊತೆ ವಾಸನೆ ತಿಳಿಯದಿರುವುದು, ವರ್ಷಗಳ ಮಲಬದ್ಧತೆ, ಎದ್ದು ನಿಂತರೆ ತಲೆ ಸುತ್ತು ಇದ್ದರೆ ನರರೋಗ ತಜ್ಞರಿಗೆ ತೋರಿಸಲೇಬೇಕು. ಅಂಥವರಿಗೆ ಗಲಾಟೆ ಮಾಡಿದರೆಂದು ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಕೊಟ್ಟರೆ ಮೈ ಮರದಂತೆ ಸೆಟೆದುಕೊಂಡು, ಜ್ವರ ಬಂದು, ಪ್ರಾಣಕ್ಕೇ ಕುತ್ತಾಗಬಹುದು. ಲೂಯಿ ಬಾಡಿ ಇರುವ ಮೆದುಳಿಗೆ ಡೋಪಮಿನ್ ತಡೆಯುವ ಔಷಧಿ ಅಷ್ಟು ಸಹಿಸದು. ಆಸ್ಪತ್ರೆಯ ಫೈಲಿನ ಮೇಲೇ ಇದನ್ನು ಬರೆಸಿ.

ಆದರೆ ಅವಸರ ಬೇಡ. ಖಿನ್ನತೆಗೆ ಕೊಡುವ ಸರ್ಟ್ರಲಿನ್, ವೆನ್ಲಾಫ್ಯಾಕ್ಸಿನ್‌ನಂಥ ಮಾತ್ರೆಗಳೂ ಇದೇ ಬಗೆಯ ಒದೆತ, ಗುದ್ದುಗಳನ್ನು ತರಬಲ್ಲವು. ಆಘಾತ ಕಂಡ ಸೈನಿಕರಲ್ಲಿ ದುಃಸ್ವಪ್ನ ಮತ್ತು ಕೈಕಾಲು ಬಡಿತ ಎರಡೂ ಸೇರಿ ಬರುವ ಸ್ಥಿತಿಯನ್ನು ನಿದ್ರಾ ತಜ್ಞರು 2014ರಲ್ಲಿ ಪ್ರತ್ಯೇಕವಾಗಿಯೇ ವಿವರಿಸಿದ್ದಾರೆ. ಮೂರನೆಯದಾಗಿ ಸ್ಲೀಪ್ ಅಪ್ನಿಯಾ: ಗೊರಕೆ, ನಡುವೆ ಉಸಿರು ನಿಂತು ಮತ್ತೆ ಗಕ್ಕನೆ ಎಳೆದುಕೊಳ್ಳುವುದು, ಆ ಎಚ್ಚರದಲ್ಲಿ ಕೈ ಬೀಸುವುದು, ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುವುದು, ಬೆಳಿಗ್ಗೆ ತಲೆನೋವು. ಬರೇ ನೋಡಿ ತೀರ್ಮಾನಿಸಲಾಗದು. ವಿಡಿಯೋ ಸಹಿತ ನಿದ್ರಾ ಪರೀಕ್ಷೆಯಲ್ಲಿ ಕನಸಿನ ನಿದ್ದೆಯ ಹೊತ್ತಿನ ಸ್ನಾಯು ಬಿಗಿತ ಅಳೆದಾಗಲೇ ಖಚಿತ. ಅಲ್ಲಿಯವರೆಗೆ ಮೊಬೈಲಿನಲ್ಲಿ ಎರಡು ಮೂರು ರಾತ್ರಿಯ ವಿಡಿಯೋ, ಗಂಟೆ ಕಾಣುವಂತೆ, ತೆಗೆದಿಟ್ಟರೆ ಬಹಳ ಉಪಯೋಗ.

ಪರೀಕ್ಷೆಗೆ ಕಾಯುವ ದಿನಗಳಲ್ಲೇ ಮಾಡಬೇಕಾದ್ದು: ಹಾಸಿಗೆ ನೆಲಕ್ಕೆ ಇಳಿಸಿ, ಅಥವಾ ಮಂಚದ ಎರಡೂ ಬದಿ ದಪ್ಪ ಚಾಪೆ ಹಾಸಿ. ಪಕ್ಕದ ಮೇಜು, ಗಾಜಿನ ಲೋಟ, ಚೂಪು ಮೂಲೆಯ ಸಾಮಾನು ದೂರ ಸರಿಸಿ. ಸಂಗಾತಿ ಬೇರೆ ಹಾಸಿಗೆಯಲ್ಲಿ ಮಲಗುವುದು ಪ್ರೀತಿಯ ಪ್ರಶ್ನೆಯಲ್ಲ, ಮೂಗಿನ ಮೂಳೆಯ ಪ್ರಶ್ನೆ. ಕಿರುಚುತ್ತಿರುವವರನ್ನು ಭುಜ ಹಿಡಿದು ಅಲುಗಾಡಿಸಬೇಡಿ. ಕೈಗೆ ಎಟುಕದಷ್ಟು ದೂರ, ಕಾಲಿನ ಕಡೆ ನಿಂತು, ದೀಪ ಹಾಕಿ, ಹೆಸರು ಹಿಡಿದು ಕರೆಯಿರಿ. ಎಚ್ಚರಾದ ಮೇಲೆ ಯಾವ ದಿನ, ಎಲ್ಲಿದ್ದಾರೆ ಎಂದು ಮೆಲ್ಲಗೆ ಹೇಳಿ. ಮಲಗುವ ಕೋಣೆಯಲ್ಲಿ ಬಂದೂಕು, ಚಾಕು, ದೊಣ್ಣೆ ಯಾವುದೂ ಇರಬಾರದು. ದಿಂಬಿನ ಕೆಳಗೆ ಏನಾದರೂ ಇಟ್ಟುಕೊಳ್ಳುವ ರೂಢಿ ಇದೆಯೇ ಎಂದು ವೈದ್ಯರು ಕೇಳಬೇಕು. ಬಹಳ ಜನ ಕೇಳುವುದೇ ಇಲ್ಲ.

ಆರ್‌ಬಿಡಿಗೆ ಮೆಲಟೋನಿನ್ ಮಲಗುವಾಗ 3 ಮಿ.ಗ್ರಾಂನಿಂದ ಶುರುಮಾಡಿ ಏರಿಸುತ್ತಾರೆ. ಕ್ಲೋನಾಜೆಪಾಮ್ ಕೂಡ ಕೆಲಸ ಮಾಡುತ್ತದೆ, ಆದರೆ ರಾತ್ರಿ ಬಾತ್‌ರೂಮಿಗೆ ಎದ್ದಾಗ ಬೀಳಿಸುತ್ತದೆ, ಅಪ್ನಿಯಾ ಇದ್ದರೆ ಉಸಿರನ್ನು ಇನ್ನಷ್ಟು ಕೆಡಿಸುತ್ತದೆ. ಅಪ್ನಿಯಾಗೆ ಸಿಪ್ಯಾಪ್ ಯಂತ್ರ, ಮಾಸ್ಕಿನ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವಂಥದ್ದು. ಯುದ್ಧದಲ್ಲಿ ಉಸಿರುಗಟ್ಟಿದ ಅನುಭವವಿದ್ದವರು ಮಾಸ್ಕ್ ಹಾಕಿದೊಡನೆ ಕಿತ್ತೆಸೆಯುತ್ತಾರೆ, ಯಂತ್ರ ಅಟ್ಟ ಸೇರುತ್ತದೆ. ಮೊದಲ ಕೆಲವು ದಿನ ಹಗಲಲ್ಲಿ ಕೂತು, ಯಂತ್ರವಿಲ್ಲದೆ, ಮಾಸ್ಕನ್ನು ತಾವೇ ಕೈಯಲ್ಲಿ ಹಿಡಿದು ಮುಖಕ್ಕೆ ಒತ್ತಿಕೊಳ್ಳಲಿ, ಐದು ನಿಮಿಷ ಸಾಕು. ಆಮೇಲೆ ಪಟ್ಟಿ ಕಟ್ಟಿಕೊಂಡು ಟಿವಿ ನೋಡುತ್ತ ಇಪ್ಪತ್ತು ನಿಮಿಷ. ಆಮೇಲೆ ಕಡಿಮೆ ಒತ್ತಡದಲ್ಲಿ ಯಂತ್ರ ಹಾಕಿ. ಆಮೇಲೆ ಮಧ್ಯಾಹ್ನದ ನಿದ್ದೆಗೆ. ಕೊನೆಗೆ ರಾತ್ರಿಗೆ. ಇಡೀ ಮುಖ ಮುಚ್ಚುವ ಮಾಸ್ಕಿನ ಬದಲು ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಬಗೆ ಇಂಥವರಿಗೆ ಸುಲಭ.

ದುಃಸ್ವಪ್ನಕ್ಕೆ ಪ್ರಾಜೋಸಿನ್ ಕೊಡುವುದುಂಟು. 304 ಮಾಜಿ ಸೈನಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅದು ಬರೀ ಸಕ್ಕರೆ ಮಾತ್ರೆಗಿಂತ ಮೇಲಾಗಿ ಕಾಣಲಿಲ್ಲ. ಕೆಲವರಿಗೆ ಹಿಡಿಸುತ್ತದೆ ಎನ್ನುವ ವೈದ್ಯರೂ ಇದ್ದಾರೆ. ನನ್ನ ಅಭಿಪ್ರಾಯ: ಕೊಟ್ಟು ನೋಡಬಹುದು, ಫಲ ಕಾಣದಿದ್ದರೆ ವೈದ್ಯರನ್ನು ಕೇಳಿ ನಿಲ್ಲಿಸಬೇಕು, ವರ್ಷಗಟ್ಟಲೆ ಎಳೆಯಬಾರದು. ಇದು ಮೂಲತಃ ಬಿಪಿ ಮಾತ್ರೆ. 1 ಮಿ.ಗ್ರಾಂ, ಮಲಗುವ ಹೊತ್ತಿಗೆ, ಮೊದಲ ಡೋಸಿನ ರಾತ್ರಿ ಎದ್ದು ನಿಂತರೆ ಕಣ್ಣು ಕತ್ತಲಿಡಬಹುದು. ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ನುಂಗುತ್ತಿದ್ದರೆ ಎರಡೂ ಸೇರಿ ಬಿಪಿಯನ್ನು ಇನ್ನಷ್ಟು ಕೆಡವುತ್ತವೆ. ಮನೆಯಲ್ಲೇ ಅಳೆಯಿರಿ: 5 ನಿಮಿಷ ಮಲಗಿಸಿ ಒಮ್ಮೆ, ನಿಲ್ಲಿಸಿದ 1 ನಿಮಿಷಕ್ಕೆ ಒಮ್ಮೆ, 3 ನಿಮಿಷಕ್ಕೆ ಇನ್ನೊಮ್ಮೆ. ಮೇಲಿನ ಸಂಖ್ಯೆ 20, ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತಿಳಿಸಿ. ಕೆಲವು ದಿನ ಮಾತ್ರೆ ತಪ್ಪಿದ್ದರೆ ಹಳೆಯ ಡೋಸಿಗೆ ನೇರ ಮರಳಬಾರದು, ಮತ್ತೆ 1 ಮಿ.ಗ್ರಾಂನಿಂದಲೇ ಏರಬೇಕು.

ಮರೆವಿನ ಲೆಕ್ಕ

ಪಿಟಿಎಸ್‌ಡಿ ಇದ್ದವರಿಗೆ ಡಿಮೆನ್ಷಿಯಾ ಹೆಚ್ಚೇ? ಅಮೆರಿಕದಲ್ಲಿ 55 ದಾಟಿದ 1,81,093 ಮಾಜಿ ಸೈನಿಕರ ದಾಖಲೆಗಳ ಮೇಲೆ 2010ರಲ್ಲಿ ಬಂದ ಅಧ್ಯಯನದಲ್ಲಿ, ಏಳು ವರ್ಷಗಳಲ್ಲಿ ಪಿಟಿಎಸ್‌ಡಿ ಇದ್ದವರಲ್ಲಿ ಶೇ. 10.6, ಇಲ್ಲದವರಲ್ಲಿ ಶೇ. 6.6 ಜನರಿಗೆ ಡಿಮೆನ್ಷಿಯಾ ಬಂತು. 2018ರ ಇನ್ನೊಂದರಲ್ಲಿ, ಪ್ರಜ್ಞೆ ತಪ್ಪದಷ್ಟು ಸಣ್ಣ ತಲೆಪೆಟ್ಟು ತಿಂದವರಿಗೂ ಅಪಾಯ ಎರಡು ಪಟ್ಟಿಗಿಂತ ಹೆಚ್ಚಿತ್ತು. ಇವು ನಂಟು ತೋರಿಸುತ್ತವೆ, ಕಾರಣವನ್ನು ಸಾಬೀತು ಮಾಡುವುದಿಲ್ಲ. ಕೆಟ್ಟ ನಿದ್ದೆ, ಕುಡಿತ, ಸಿಗರೇಟು, ಬಿಪಿ, ಸಕ್ಕರೆ ಕಾಯಿಲೆ ಎಲ್ಲ ನಡುವೆ ಹೆಣೆದುಕೊಂಡಿರುತ್ತವೆ. ಮೊದಲ ಅಂಕಿಯನ್ನೇ ತಿರುಗಿಸಿ ಓದಿದರೆ ಪಿಟಿಎಸ್‌ಡಿ ಇದ್ದ ನೂರರಲ್ಲಿ 89 ಮಂದಿಗೆ ಆ ಏಳು ವರ್ಷ ಡಿಮೆನ್ಷಿಯಾ ಬರಲಿಲ್ಲ.

ಬ್ಲಾಸ್ಟ್ ಕಂಡವರೆಲ್ಲರಿಗೂ ಬಾಕ್ಸರುಗಳ ಮೆದುಳಿನ ರೋಗ, ಅಂದರೆ ಸಿಟಿಇ, ಬರುತ್ತದೆಂಬ ಭಯ ಈಗ ಹರಡಿದೆ. 2022ರಲ್ಲಿ ಪ್ರಕಟವಾದ ವರದಿಯಲ್ಲಿ 225 ಮೃತ ಸೈನಿಕರ ಮೆದುಳು ಪರೀಕ್ಷಿಸಿದಾಗ ಅದು ಕಂಡದ್ದು 10ರಲ್ಲಿ. ಜೀವಂತ ಇರುವಾಗ ಖಚಿತವಾಗಿ ಪತ್ತೆ ಮಾಡುವ ಪರೀಕ್ಷೆಯೂ ಇಲ್ಲ. ಆ ಹೆಸರಿನಲ್ಲಿ ಸ್ಕ್ಯಾನ್ ಪ್ಯಾಕೇಜ್ ಮಾರಲು ಬಂದವರನ್ನು ಬಾಗಿಲಲ್ಲೇ ಕಳಿಸಿ.

ತಲೆಪೆಟ್ಟಿನ ಇತಿಹಾಸ ಕೇಳುವುದರಲ್ಲೂ ಒಂದು ಕ್ರಮ ಇದೆ. "ತಲೆಗೆ ಪೆಟ್ಟಾಗಿತ್ತಾ?" ಎಂದರೆ ಹಳೆಯ ಸೈನಿಕ "ಇಲ್ಲ" ಎನ್ನುತ್ತಾನೆ, ರಕ್ತ ಬಂದದ್ದು ಮಾತ್ರ ಅವನ ಲೆಕ್ಕದಲ್ಲಿ ಪೆಟ್ಟು. "ಸ್ಫೋಟದ ಸದ್ದಾದ ಮೇಲೆ ನಿಮಗೆ ನೆನಪಿರುವ ಮುಂದಿನ ದೃಶ್ಯ ಯಾವುದು?" ಎಂದು ಕೇಳಿ. ನಡುವೆ ಹತ್ತು ನಿಮಿಷ ಕಾಣೆಯಾಗಿದ್ದರೆ ಉತ್ತರ ಸಿಕ್ಕಿತು. ಕಿವಿ ಗುಂಯ್‌ಗುಟ್ಟಿದ್ದು, ವಾಂತಿ, ದಿಕ್ಕು ತೋಚದೆ ನಿಂತದ್ದು, ಪ್ಯಾರಾಶೂಟಿನ ಒರಟು ಇಳಿತ, ವಾಹನ ಮಗುಚಿದ್ದು, ವರ್ಷಗಟ್ಟಲೆ ಫಿರಂಗಿ ಪಕ್ಕದಲ್ಲೇ ನಿಂತದ್ದು ಎಲ್ಲ ಕೇಳಬೇಕು.

ಸೇವೆಯ ಕಾಲದ ಬೇರೆ ಒಡ್ಡಿಕೆಗಳೂ ಫೈಲಿನಲ್ಲಿ ಇರಲಿ. ವಿಯೆಟ್ನಾಂನಲ್ಲಿ 1962ರಿಂದ 1971ರವರೆಗೆ ಅಮೆರಿಕ ಕಳೆನಾಶಕಗಳನ್ನು ಸಿಂಪಡಿಸಿತು. ಅವುಗಳಲ್ಲೊಂದಾದ ಏಜೆಂಟ್ ಆರೆಂಜ್‌ಗೆ ಒಡ್ಡಿಕೊಂಡ ಸೈನಿಕರ ಪಾರ್ಕಿನ್ಸನ್ ಕಾಯಿಲೆಯನ್ನು ಅಮೆರಿಕ ಸರ್ಕಾರ 2010ರಿಂದ ಸೇವೆಯಿಂದಲೇ ಬಂದದ್ದೆಂದು ಪರಿಗಣಿಸುತ್ತದೆ. ಸ್ನಾಯುಗಳನ್ನು ಸೊರಗಿಸುವ ನರರೋಗವಾದ ಎಎಲ್‌ಎಸ್ ಅನ್ನು, ಏಜೆಂಟ್ ಆರೆಂಜ್‌ನ ಪ್ರಶ್ನೆಯಿಲ್ಲದೆ, 2008ರಿಂದಲೇ ಹಾಗೆ ಪರಿಗಣಿಸುತ್ತದೆ. ಮಲೇರಿಯಾ ತಡೆಗೆ ಸೈನಿಕರಿಗೆ ಕೊಡುತ್ತಿದ್ದ ಮೆಫ್ಲೋಕ್ವಿನ್ ತಲೆಸುತ್ತು, ಸಮತೋಲನ ತಪ್ಪುವಿಕೆ, ಕಿವಿಯ ಗುಂಯ್‌ಗುಡುವಿಕೆಯನ್ನು ಶಾಶ್ವತವಾಗಿ ಉಳಿಸಬಲ್ಲದು ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಸೇರಿಸಿತು. ಯಾವ ವರ್ಷ, ಎಲ್ಲಿ, ಯಾವ ಕೆಲಸ: ಒಂದು ಹಾಳೆ ಸಾಕು.

ನೆನಪಿನ ಪರೀಕ್ಷೆಯೇ ಮೋಸ ಮಾಡುವುದುಂಟು. ಮೋಕಾ ಪರೀಕ್ಷೆ 30 ಅಂಕದ್ದು, 26ಕ್ಕಿಂತ ಕಮ್ಮಿಯಾದರೆ ಅನುಮಾನ. ಅದರಲ್ಲಿ ಐದು ಪದ ಕೇಳಿಸಿಕೊಂಡು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೇಳಬೇಕು. ಫಿರಂಗಿ, ಎಂಜಿನ್, ಗುಂಡಿನ ಸದ್ದಿನಲ್ಲಿ ಕಿವಿ ಕಳೆದುಕೊಂಡವರಿಗೆ ಮೊದಲು ಹೋಗುವುದು ಕೀರಲು ತರಂಗಗಳು, ಅಂದರೆ ಸ, ಶ, ಫ, ತ ಥರದ ವ್ಯಂಜನಗಳು. ಪದವೇ ಸರಿ ಕೇಳಿಸದವರು ನೆನಪಿಟ್ಟುಕೊಳ್ಳುವುದು ಏನನ್ನು? ಶ್ರವಣ ಸಾಧನ ಹಾಕಿಸಿ, ಫ್ಯಾನ್ ನಿಲ್ಲಿಸಿ, ಎದುರು ಕೂತು ಮಾಡಿಸಿದ ಪರೀಕ್ಷೆಗೆ ಮಾತ್ರ ಬೆಲೆ. ಕಿವುಡು ತಾನೇ ಡಿಮೆನ್ಷಿಯಾದ ಅಪಾಯಕಾರಿ ಅಂಶವೂ ಹೌದು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಕೊಟ್ಟ, ತಿದ್ದಬಹುದಾದ 14 ಅಂಶಗಳ ಪಟ್ಟಿಯಲ್ಲಿ ಕಿವುಡು, ತಲೆಪೆಟ್ಟು, ಖಿನ್ನತೆ, ಒಂಟಿತನ, ಅತಿಯಾದ ಕುಡಿತ ಎಲ್ಲ ಇವೆ.

ಖಿನ್ನತೆಯೂ ಮರೆವಿನ ವೇಷ ಹಾಕುತ್ತದೆ. ಖಿನ್ನರಾದವರು ಪ್ರಶ್ನೆಗೆ ಯತ್ನವೇ ಮಾಡದೆ "ಗೊತ್ತಿಲ್ಲ" ಎನ್ನುತ್ತಾರೆ, ನನಗೆ ಎಲ್ಲ ಮರೆತುಹೋಗುತ್ತಿದೆ ಎಂದು ತಾವೇ ದೂರುತ್ತಾರೆ. ಆಲ್ಝೈಮರ್ ಇರುವವರು ತಪ್ಪನ್ನು ಮುಚ್ಚಿ, ನಕ್ಕು, ಹೆಂಡತಿಯ ಕಡೆ ತಿರುಗಿ ನೋಡುತ್ತಾರೆ. ಇದು ಗಟ್ಟಿ ಗೆರೆಯಲ್ಲ, ಎರಡೂ ಕೂಡಿಕೊಂಡೇ ಇರಬಹುದು. ಹಾಗಾಗಿ ಮೊದಲು ಖಿನ್ನತೆಗೆ ಚಿಕಿತ್ಸೆ ಕೊಟ್ಟು ಕೆಲವು ತಿಂಗಳ ಮೇಲೆ ನೆನಪಿನ ಪರೀಕ್ಷೆ ಮತ್ತೆ ಮಾಡುವುದು ಒಳ್ಳೆಯ ಪದ್ಧತಿ. ಥೈರಾಯ್ಡ್, ಬಿ12, ಸೋಡಿಯಂ, ಕ್ಯಾಲ್ಸಿಯಂ, ಸಕ್ಕರೆಯ ಪರೀಕ್ಷೆ ಮಾಡದೆ ಡಿಮೆನ್ಷಿಯಾ ಎಂದು ಹೇಳಬಾರದು.

ಮಾತ್ರೆಯ ಡಬ್ಬಿ ಪೂರ್ತಿ ಸುರಿದು ನೋಡಿ. ಅಲರ್ಜಿಗೆ, ನಿದ್ದೆಗೆಂದು ತರುವ ಡೈಫೆನ್‌ಹೈಡ್ರಮಿನ್, ನರನೋವಿಗೆ ಅಮಿಟ್ರಿಪ್ಟಿಲಿನ್, ಮೂತ್ರಕ್ಕೆ ಆಕ್ಸಿಬ್ಯುಟಿನಿನ್: ಮೂರೂ ಅಸಿಟೈಲ್‌ಕೋಲಿನ್ ತಡೆಯುತ್ತವೆ, ನೆನಪಿಗೆ ಬೇಕಾದದ್ದೇ ಅದು. ನಿದ್ದೆಗೆ, ಆತಂಕಕ್ಕೆ ಕೊಡುವ ಡಯಜೆಪಾಮ್ ವಯಸ್ಸಾದವರ ದೇಹದಲ್ಲಿ ದಿನಗಟ್ಟಲೆ ಉಳಿಯುತ್ತದೆ. ಪಿಟಿಎಸ್‌ಡಿಗೆ ಈ ಗುಂಪಿನ ಮಾತ್ರೆ ಬೇಡ ಎಂದೇ ಮಾರ್ಗಸೂಚಿಗಳು ಹೇಳುತ್ತವೆ. ಆದರೆ ಹತ್ತಾರು ವರ್ಷ ನುಂಗಿದ್ದನ್ನು ಒಂದೇ ದಿನ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರ ಕಣ್ಣಳತೆಯಲ್ಲಿ ತಿಂಗಳುಗಟ್ಟಲೆ ಇಳಿಸಬೇಕು, ಕೊನೆಯ ಕಾಲುಭಾಗ ಇಳಿಸುವುದೇ ಎಲ್ಲಕ್ಕಿಂತ ನಿಧಾನ. ಬದಲಿಗೆ ಕೊಡುವ ಸರ್ಟ್ರಲಿನ್ 25 ಮಿ.ಗ್ರಾಂನಿಂದ ಶುರುವಾಗಲಿ. ಬಿಪಿಗೆ ನೀರಿಳಿಸುವ ಮಾತ್ರೆಯೂ ನಡೆಯುತ್ತಿದ್ದರೆ ಎರಡರಿಂದ ನಾಲ್ಕು ವಾರದೊಳಗೆ ಸೋಡಿಯಂ ನೋಡಲೇಬೇಕು. 135ಕ್ಕಿಂತ ಇಳಿಯುತ್ತ ಹೋದಂತೆ ಸುಸ್ತು, ಓಲಾಟ, ಗೊಂದಲ. ಖಿನ್ನತೆ ಹೆಚ್ಚಾಯಿತೆಂದು ಡೋಸ್ ಏರಿಸಿದರೆ ಇನ್ನೂ ಕೆಡುತ್ತದೆ.

ಹಳೆಯದು ಈಗ ಯಾಕೆ ಮೇಲೆದ್ದು ಬರುತ್ತದೆ

ನಲವತ್ತು ವರ್ಷ ತುಟಿ ಬಿಚ್ಚದವರು ನಿವೃತ್ತಿಯಾದ ಮೇಲೆ, ಸಂಗಾತಿ ತೀರಿಕೊಂಡ ಮೇಲೆ ಅಥವಾ ಟಿವಿಯಲ್ಲಿ ಹೊಸ ಯುದ್ಧದ ಸುದ್ದಿ ಬಂದಾಗ ಹಳೆಯದನ್ನು ಮೆಲುಕು ಹಾಕತೊಡಗುತ್ತಾರೆ. ಬದುಕನ್ನು ಹಿಂತಿರುಗಿ ನೋಡಿ ಅರ್ಥ ಹಚ್ಚುವ ಈ ಹಂತವೆಲ್ಲ ಕಾಯಿಲೆ ಅಲ್ಲ. ನಿದ್ದೆ, ಊಟ, ಸಂಬಂಧ ಹದಗೆಡದಿದ್ದರೆ ಕೇಳಿಸಿಕೊಳ್ಳುವವರು ಇದ್ದರೆ ಸಾಕು. ಹದಗೆಟ್ಟರೆ ಐದು ಪ್ರಶ್ನೆಗಳ ಪಿಟಿಎಸ್‌ಡಿ ಪರೀಕ್ಷೆಯಿಂದ ಶುರುಮಾಡಬಹುದು. ಈ ವಯಸ್ಸಿಗೆ ಮಾತಿನ ಚಿಕಿತ್ಸೆ ಹಿಡಿಸದು ಎಂಬುದು ತಪ್ಪು. 12 ಬೈಠಕ್ಕಿನ ಸಿಪಿಟಿ (ಆಘಾತದ ಬಗೆಗಿನ ಯೋಚನೆಗಳನ್ನು ಪರಿಶೀಲಿಸಿ ತಿದ್ದಿಕೊಳ್ಳುವುದು), 8ರಿಂದ 15 ಬೈಠಕ್ಕಿನ ಪ್ರೊಲಾಂಗ್ಡ್ ಎಕ್ಸ್‌ಪೋಷರ್ (ಭಯದ ನೆನಪನ್ನು ಹಂತಹಂತವಾಗಿ ಎದುರಿಸುವುದು) ಹಿರಿಯರಿಗೂ ಫಲ ಕೊಡುತ್ತವೆ. ದೊಡ್ಡ ಅಕ್ಷರದ ಹಾಳೆ, ನಡುವೆ ವಿಶ್ರಾಂತಿ ಇರಲಿ. ಡಿಮೆನ್ಷಿಯಾ ಮಧ್ಯಮ ಹಂತ ದಾಟಿದವರಿಗೆ ಮಾತ್ರ ಇದು ಬೇಡ. ಹೊಸದಾಗಿ ಕಲಿತದ್ದು ಉಳಿಯುವುದಿಲ್ಲ, ಕೆದಕಿದ ಭಯ ಮಾತ್ರ ಉಳಿಯುತ್ತದೆ.

ಪಿಟಿಎಸ್‌ಡಿಯ ಮೇಲೆ ಡಿಮೆನ್ಷಿಯಾ ಕೂತಾಗ ನೋಡಿಕೊಳ್ಳುವ ಬಗೆಯೇ ಬದಲಾಗಬೇಕು. ಇತ್ತೀಚಿನ ನೆನಪು ಮೊದಲು ಅಳಿಯುತ್ತದೆ, ಹಳೆಯದು ಉಳಿಯುತ್ತದೆ, ಅದನ್ನು ಹತ್ತಿಕ್ಕುತ್ತಿದ್ದ ಮೆದುಳಿನ ಮುಂಭಾಗವೂ ಸೊರಗುತ್ತದೆ. ಆಗ ಸ್ನಾನದ ಕೋಣೆಯೇ ರಣರಂಗ. ಬಟ್ಟೆ ಬಿಚ್ಚುವ ಕೈ, ಮುಖಕ್ಕೆ ಬಡಿಯುವ ನೀರು, ಹಿಂದಿನಿಂದ ಬರುವ ಹೆಜ್ಜೆ: ಸೆರೆಯಲ್ಲಿದ್ದವರಿಗೆ ಇವುಗಳ ಅರ್ಥ ಬೇರೆ. ಎದುರಿನಿಂದ ಬನ್ನಿ, ಏನು ಮಾಡುತ್ತೀರೆಂದು ಒಂದೊಂದೇ ಹೇಳಿ, ಹೆಗಲ ಮೇಲೆ ಟವೆಲ್ ಬಿಟ್ಟು ಕಾಲಿನಿಂದ ಮೇಲಕ್ಕೆ ತೊಳೆಯಿರಿ, ತಲೆಗೆ ನೀರು ಕೊನೆಗೆ. ಮಗ್ಗನ್ನು ಅವರ ಕೈಗೇ ಕೊಟ್ಟರೆ ಅರ್ಧ ಜಗಳ ತಪ್ಪುತ್ತದೆ. ರಾತ್ರಿ ಎದ್ದು ಬಾಗಿಲು ಕಿಟಕಿ ಪರೀಕ್ಷಿಸುವವರನ್ನು ಹಿಡಿದು ಮಲಗಿಸುವುದಕ್ಕಿಂತ ಜೊತೆಗೇ ಒಂದು ಸುತ್ತು ಹೋಗಿ, ಚಿಲಕ ಅವರೇ ಮುಟ್ಟಿ ನೋಡಲಿ, "ಈಗ ನನ್ನ ಪಾಳಿ, ನೀವು ಮಲಗಿ" ಎನ್ನಿ. ಯುದ್ಧ ಮುಗಿದು ಎಷ್ಟೋ ವರ್ಷವಾಯಿತು ಎಂಬ ವಾದದಿಂದ ಪ್ರಯೋಜನ ಇಲ್ಲ.

ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುಬಿಡುತ್ತದೆ ಎಂಬುದು ಸುಳ್ಳು. ಹೌದು ಎಂದರೆ ಒಂಟಿಯಾಗಿ ಬಿಡದೆ ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮನೆಯಲ್ಲಿ ಬಂದೂಕು ಇದ್ದರೆ ಗುಂಡು ತೆಗೆದು, ಗುಂಡನ್ನು ಒಂದು ಕಡೆ, ಬಂದೂಕನ್ನು ಇನ್ನೊಂದು ಕಡೆ ಬೀಗ ಹಾಕಿ, ಬೀಗದ ಕೈ ಬೇರೆಯವರಲ್ಲಿ ಇರಲಿ. ಮನೆಯಿಂದಲೇ ಕಾನೂನುಬದ್ಧವಾಗಿ ಹೊರಗೆ ಹೋದರೆ ಇನ್ನೂ ಒಳ್ಳೆಯದು. ಡಿಮೆನ್ಷಿಯಾ ಪತ್ತೆಯಾದ ಮೊದಲ ತಿಂಗಳುಗಳಲ್ಲೇ, ಅವರಿಗೆ ಒಪ್ಪುವ ಬುದ್ಧಿ ಇರುವಾಗಲೇ, ಇದನ್ನು ಮಾತಾಡಿ ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಹೆಂಡತಿ ಮಕ್ಕಳು ಹೇಳಿದರೆ ಕೇಳದವರು ಜೊತೆಯಲ್ಲಿ ಸೇವೆ ಸಲ್ಲಿಸಿದ ಹಳೆಯ ಸಂಗಾತಿಯ ಮಾತಿಗೆ ಸಾಮಾನ್ಯವಾಗಿ ಒಪ್ಪುತ್ತಾರೆ, ಅಂಥವರೊಬ್ಬರನ್ನು ಆ ದಿನ ಮನೆಗೆ ಕರೆಯಿರಿ.